ರಿಕ್ವೈರ್‌ಮೆಂಟ್ಸ್ ಎಂಜಿನಿಯರಿಂಗ್ ಎಲ್ಲಿಂದ ಶುರು ಮಾಡಲಿ, ಯಾವ ಕೋರ್ಸ್ ಸೇರಲಿ?

ಕೋಡಿಂಗ್ ಬರುತ್ತೆ, ಕ್ಲೈಂಟ್ ಜೊತೆ ಕೂತು ರಿಕ್ವೈರ್‌ಮೆಂಟ್ (ತಂತ್ರಾಂಶ ಏನು ಮಾಡಬೇಕು ಅನ್ನೋದು) ಬರೆಯೋದು ಮಾತ್ರ ಗೊತ್ತಿಲ್ಲ, ಮಂಡ್ಯದಲ್ಲಿದ್ದೇ ಕಲಿಯಬಹುದಾ ಎಂದು ಕೇಳಿದ್ದೀರಿ. ಧಾರಾಳವಾಗಿ ಕಲಿಯಬಹುದು. ಕೋರ್ಸ್ ಆಮೇಲೆ ನೋಡೋಣ. ಸೆಕ್ರೆಟರಿಯವರ ಒಪ್ಪಿಗೆ ಪಡೆದು ನಿಮ್ಮೂರಿನ ಹಾಲಿನ ಡೈರಿಯಲ್ಲಿ ಎರಡು ದಿನ ಬೆಳಿಗ್ಗೆ, ಸಂಜೆ ನಿಂತು ನೋಡಿ. ಅಲ್ಲಿಗೊಂದು ಹೊಸ ತಂತ್ರಾಂಶ ಬೇಕು ಅಂದುಕೊಳ್ಳಿ.

ಏನು ಬೇಕು ಅಂತ ಕೇಳಿದರೆ "ಬೇಗ ಆಗ್ಬೇಕು, ಲೆಕ್ಕ ತಪ್ಪಬಾರ್ದು" ಅಂತಾರೆ. ಅದು ಆಸೆ, ರಿಕ್ವೈರ್‌ಮೆಂಟ್ ಆಗೋಕೆ ಇನ್ನೂ ದೂರ ಇದೆ. 'ಬೇಗ' ಅಂದರೆ ಎಷ್ಟು ಅನ್ನೋದು ಸಾಲಿನಲ್ಲಿ ಸಿಗುತ್ತೆ. ಒಂದೂವರೆ ಗಂಟೆಯಲ್ಲಿ 90 ಜನ ಹಾಲು ಹಾಕಿದರೆ ಒಬ್ಬರಿಗೆ ಒಂದು ನಿಮಿಷ. ತೂಗೋದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಹಾಲಿನಲ್ಲಿ ಫ್ಯಾಟ್ ಬಿಟ್ಟು ಉಳಿದ ಘನಾಂಶ) ನೋಡೋದೇ ಅದರಲ್ಲಿ ಬಹುಪಾಲು ನುಂಗುತ್ತೆ. ಹಾಗಾಗಿ ಬರೆಯಬೇಕಾದ್ದು: "ತೂಕ, ಫ್ಯಾಟ್, ಎಸ್‌ಎನ್‌ಎಫ್ ಮೂರೂ ದಾಖಲಾದಾಗ, ಸಿಸ್ಟಂ 3 ಸೆಕೆಂಡಿನೊಳಗೆ ಚೀಟಿ ಮುದ್ರಿಸಬೇಕು." ಇದನ್ನು ಗಡಿಯಾರ ಹಿಡಿದು ಪರೀಕ್ಷಿಸಬಹುದು.

"ಇಂಥದ್ದು ಆದಾಗ ಸಿಸ್ಟಂ ಹೀಗೆ ಮಾಡಬೇಕು" ಎಂಬ ಈ ಅಚ್ಚು ಈಯರ್ಸ್ (EARS) ಎಂಬ, ರಿಕ್ವೈರ್‌ಮೆಂಟ್ ವಾಕ್ಯ ಬರೆಯುವ ಪದ್ಧತಿಯದು. ರೋಲ್ಸ್ ರಾಯ್ಸ್‌ನವರು ವಿಮಾನದ ಎಂಜಿನ್ ಕೆಲಸಕ್ಕೆ ರೂಪಿಸಿ 2009ರಲ್ಲಿ ಪ್ರಕಟಿಸಿದ್ದು. ಅದರ ಐದು ಅಚ್ಚುಗಳಲ್ಲಿ ಹೊಸಬರು ಮರೆಯೋದು "ಎಡವಟ್ಟಾದರೆ" ಎಂಬುದನ್ನು. ಕರೆಂಟ್ ಹೋದರೆ? ನೆಟ್ ಇಲ್ಲದಿದ್ದರೆ? ಒಬ್ಬರ ಹಾಲು ಇನ್ನೊಬ್ಬರ ನಂಬರಿಗೆ ಬಿದ್ದು, ಚೀಟಿಯೂ ಬಂದುಬಿಟ್ಟರೆ ತಿದ್ದೋದು ಯಾರು, ಹಳೆ ನಮೂದು ಉಳಿಯಬೇಕೋ ಅಳಿಯಬೇಕೋ? ದರಪಟ್ಟಿ ಬದಲಾದರೆ ಯಾವ ಹೊತ್ತಿನ ಹಾಲಿನಿಂದ ಲೆಕ್ಕ? ಇವನ್ನು ಯಾರೂ ತಾವಾಗಿ ಹೇಳಲ್ಲ. ಅವರಿಗದು ದಿನದ ಮಾತು, ಹೇಳಬೇಕು ಅಂತಲೇ ಹೊಳೆಯಲ್ಲ. ಅದಕ್ಕೇ ಕೇಳೋದಕ್ಕಿಂತ ನಿಂತು ನೋಡೋದು ಮೇಲು ಅನ್ನೋದು. "ಹೋದ ಸಲ ಹೀಗಾದಾಗ ಏನು ಮಾಡಿದ್ರಿ?" ಅನ್ನೋ ಪ್ರಶ್ನೆಗೆ ಸಿಗುವಷ್ಟು "ಏನು ಬೇಕು?" ಅನ್ನೋದಕ್ಕೆ ಸಿಗಲ್ಲ.

ಜೊತೆಗೊಂದು ಪದಪಟ್ಟಿ ಇಡಿ, ಯಾವ ಪದಕ್ಕೆ ಏನರ್ಥ ಅಂತ. ಚಿಲ್ಲರೆ ಕೆಲಸ ಅನ್ನಿಸುತ್ತೆ, ಆದರೆ ದುಡ್ಡು ಸೋರೋದು ಅಲ್ಲೇ. 10 ಲೀಟರ್ ಹಾಲು ಸುಮಾರು 10.3 ಕೆಜಿ ತೂಗುತ್ತೆ. ತಕ್ಕಡಿ ಕೆಜಿಯಲ್ಲಿ, ದರಪಟ್ಟಿ ಲೀಟರಿನಲ್ಲಿ ಇದ್ದು ನೀವು ಬರೀ 'ಅಳತೆ' ಅಂತ ಬರೆದರೆ, ಪ್ರತಿ ಚೀಟಿಯಲ್ಲೂ ನೂರಕ್ಕೆ ಮೂರರಷ್ಟು ತಪ್ಪು.

ಒಂದು ವಾಕ್ಯಕ್ಕೆ ಒಂದೇ ಕೆಲಸ, ಒಂದು ನಂಬರ್. ಅದರ ಪಕ್ಕದಲ್ಲೇ ಹೇಳಿದ್ದು ಯಾರು, ಯಾಕೆ ಅನ್ನೋದೂ ಇರಲಿ. 'ಯಾಕೆ' ಬರೆಯದಿದ್ದರೆ ಆರು ತಿಂಗಳಾದ ಮೇಲೆ ಅದನ್ನು ಕಿತ್ತುಹಾಕೋಕೂ ಧೈರ್ಯ ಬರಲ್ಲ, ಇಟ್ಟುಕೊಳ್ಳೋಕೂ ಕಾರಣ ಸಿಗಲ್ಲ.

ಓದೋಕೆ, ರಿಕ್ವೈರ್‌ಮೆಂಟ್ಸ್ ಎಂಜಿನಿಯರಿಂಗ್ ಪ್ರಮಾಣಪತ್ರ ರೂಪಿಸುವ ಐಆರ್‌ಇಬಿ (IREB) ಸಂಸ್ಥೆಯ ಸಿಪಿಆರ್‌ಇ (CPRE) ಎಂಬ ಪ್ರಮಾಣಪತ್ರದ ಫೌಂಡೇಶನ್ ಹಂತದ ಪಠ್ಯಕ್ರಮ ಅವರ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತೆ. ಐಇಇಇ 830 ಎಂಬ ರಿಕ್ವೈರ್‌ಮೆಂಟ್ ದಾಖಲೆಯ ಹಳೆ ಮಾನದಂಡ ಹೇಳಿಕೊಡುವ ನೋಟ್ಸ್ ಸಿಕ್ಕರೆ, ಅದರ ಜಾಗಕ್ಕೆ 2011ರಲ್ಲೇ 29148 ಎಂಬ ಹೊಸ ಮಾನದಂಡ ಬಂದು, 2018ರಲ್ಲಿ ಪರಿಷ್ಕರಣೆಯೂ ಆಗಿದೆ ಅನ್ನೋದು ನೆನಪಿರಲಿ. ಜಿರಾ (ಕೆಲಸಗಳ ಜಾಡು ಹಿಡಿಯುವ ತಂತ್ರಾಂಶ) ಕಲಿಯೋಕೆ ಈಗಲೇ ಹೋಗಬೇಡಿ, ಎಕ್ಸೆಲ್ ಸಾಕು.

ಡೈರಿಯಿಂದ 20 ವಾಕ್ಯ ಬರೆದ ಮೇಲೆ, ಡೈರಿ ನೋಡದ ಸ್ನೇಹಿತರೊಬ್ಬರಿಗೆ ಕೊಟ್ಟು ಪ್ರತಿಯೊಂದಕ್ಕೂ ಒಂದು ಟೆಸ್ಟ್ ಬರೆಯಲು ಹೇಳಿ. ಎಲ್ಲಿ ನಿಮಗೆ ಫೋನ್ ಮಾಡುತ್ತಾರೋ ಆ ವಾಕ್ಯ ಮತ್ತೆ ಬರೆಯಿರಿ. ಫೋನಿನಲ್ಲಿ ವಿವರಿಸಿ ಮುಗಿಸಿಬಿಡಬೇಡಿ.