ಪ್ರೊಜೆಕ್ಟರಿಗೆ ಯಾವ ಕೇಬಲ್?

ಪ್ರಶ್ನೆ: ಬಳ್ಳಾರಿಯಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಹಾಲಿನಲ್ಲಿ ಫುಲ್ ಎಚ್‌ಡಿ ಪ್ರೊಜೆಕ್ಟರ್ ಇದೆ, ಕಪಾಟಿನಿಂದ 12 ಮೀಟರ್ ದೂರ. ಎಲೆಕ್ಟ್ರಿಷಿಯನ್ ಮುಕ್ಕಾಲು ಇಂಚಿನ ಪೈಪಿನಲ್ಲಿ ವಿಜಿಎ ವೈರ್ ಎಳೆದು, ಆಮೇಲೆ ತುದಿಗೆ ಪಿನ್ ಬೆಸುಗೆ ಹಾಕಿದ್ದಾರೆ. ಲ್ಯಾಪ್‌ಟಾಪ್ ಹಚ್ಚಿದರೆ ಅಕ್ಷರಗಳ ಬಲಕ್ಕೆ ನೆರಳು ಕಾಣುತ್ತದೆ. ಕೂಲರ್ ಹಾಕಿದಾಗ ಅಡ್ಡಪಟ್ಟಿಗಳು ಸರಿದಾಡುತ್ತವೆ. ಎಚ್‌ಡಿಎಂಐ ಹಾಕಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಹೋಗುತ್ತದೆ, ಆದರೆ ಎರಡೂ ದೋಷಗಳ ಮೂಲ ಬೇರೆ ಬೇರೆ. ವಿಜಿಎಯಲ್ಲಿ ಕೆಂಪು, ಹಸಿರು, ನೀಲಿ ಸಿಗ್ನಲ್‌ಗಳು 75 ಓಮ್‌ನ ಕೋಆಕ್ಸಿಯಲ್ (ನಡುವೆ ತಂತಿ, ಸುತ್ತ ಲೋಹದ ಜಾಲರಿ) ತಂತಿಯಲ್ಲೇ ಹೋಗಬೇಕು. ಸಾದಾ ಮಲ್ಟಿಕೋರ್ ವೈರ್ ಎಳೆದಿದ್ದರೆ, ಇಲ್ಲವೇ ಬೆಸುಗೆಗಾಗಿ ಹೊರಗಿನ ಜಾಲರಿಯನ್ನು ಉದ್ದಕ್ಕೆ ಬಿಚ್ಚಿದ್ದರೆ, ಸಿಗ್ನಲ್ ತುದಿಯಲ್ಲಿ ಪುಟಿದು ಸ್ವಲ್ಪ ತಡವಾಗಿ ಮತ್ತೊಮ್ಮೆ ಬಂದು ಸೇರುತ್ತದೆ. ಬಲಗಡೆಯ ನೆರಳು ಅದೇ.

ಅಡ್ಡಪಟ್ಟಿ ಅರ್ಥಿಂಗಿನದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಪಟ್ಟಿ ಮಾಯವಾದರೆ, ಲ್ಯಾಪ್‌ಟಾಪ್ ಒಂದು ಕಡೆ, ಪ್ರೊಜೆಕ್ಟರ್ ಇನ್ನೊಂದು ಕಡೆ ಅರ್ಥ್ ಆಗಿ, ನಡುವೆ ಕೇಬಲ್ಲಿನ ಜಾಲರಿಯಲ್ಲೇ ಕರೆಂಟ್ ಹರಿಯುತ್ತಿದೆ ಎಂದರ್ಥ. ಎರಡಕ್ಕೂ ಒಂದೇ ಸರ್ಕ್ಯೂಟಿನಿಂದ ಲೈನ್ ಕೊಡಿಸಿ. ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕಿ ಪಟ್ಟಿ ಹೋಗಲಾಡಿಸುವವರಿದ್ದಾರೆ. ಹಾಗೆ ಮಾಡಿದರೆ ಪ್ರೊಜೆಕ್ಟರಿನ ಬಾಡಿಯೇ ಶಾಕ್ ಹೊಡೆದೀತು. ನಮ್ಮ ಕಡೆ ಬೇಸಿಗೆಗೆ ಅರ್ಥಿಂಗ್ ಗುಂಡಿ ಪೂರ್ತಿ ಒಣಗುತ್ತದೆ, ಆಗಾಗ ನೀರು ಹೊಯ್ಯಿಸಿ.

ಎಚ್‌ಡಿಎಂಐಗೆ ನೆರಳೂ ಇಲ್ಲ, ಪಟ್ಟಿಯೂ ಇಲ್ಲ. ತೊಂದರೆ ಪೈಪಿನದು: ಪ್ಲಗ್ಗಿನ ಅಗಲ ಸುಮಾರು 20 ಮಿ.ಮೀ., ಮುಕ್ಕಾಲು ಇಂಚಿನ ಪೈಪಿನೊಳಗೆ ನುಸುಳದು. ಕತ್ತರಿಸಿ ಮತ್ತೆ ಬೆಸೆಯುತ್ತೇನೆ ಎಂದರೆ ಖಂಡಿತ ಬೇಡ. 19 ಪಿನ್ನುಗಳು, ತಿರುಚಿದ ಜೋಡಿ ತಂತಿಗಳು, ಕೈಕೆಲಸಕ್ಕೆ ಅವು ಬಗ್ಗುವುದಿಲ್ಲ. ತಲೆ ಕಳಚಿ ಜೋಡಿಸುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ 15 ಮೀಟರ್ ತನ್ನಿ. ಅದಕ್ಕೆ ದಿಕ್ಕಿದೆ: 'ಸೋರ್ಸ್' ಎಂದು ಬರೆದ ತುದಿ ಕಪಾಟಿಗೆ, 'ಡಿಸ್‌ಪ್ಲೇ' ತುದಿ ಪ್ರೊಜೆಕ್ಟರಿಗೆ. ಉಲ್ಟಾ ಎಳೆದರೆ ಚಿತ್ರವೇ ಬರದು, ಮತ್ತೆ ಪೂರ್ತಿ ಹೊರಗೆಳೆಯಬೇಕು. ಹಾಗಾಗಿ ಮೊದಲು ನೆಲದ ಮೇಲೆ ಹಾಸಿ ಒಂದು ಸಂಜೆ ಸಿನಿಮಾ ನೋಡಿ, ಆಮೇಲೆ ಪೈಪಿಗೆ ಹಾಕಿಸಿ. ಒಳಗಿರುವುದು ಗಾಜಿನ ಎಳೆ. ಎಲ್ಬೋ ಇರುವಲ್ಲಿ ಜಗ್ಗಿದರೆ ಮುರಿಯುತ್ತದೆ.

ಪ್ರಶ್ನೆ: ಸಿಂಧನೂರಿನಲ್ಲಿ 10 ಮೀಟರ್ ತಾಮ್ರದ ಎಚ್‌ಡಿಎಂಐ ಹಾಕಿದ್ದೇವೆ. 4ಕೆ ಸ್ಟ್ರೀಮಿಂಗ್ ಸ್ಟಿಕ್ ಹಚ್ಚಿದರೆ ಪರದೆ ಆಗಾಗ ಎರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತದೆ. ದುಬಾರಿ ಬಂಗಾರದ ಲೇಪದ ಕೇಬಲ್ ತರಬೇಕೇ?

ಉತ್ತರ: ಬೇಡ. ವಿಜಿಎಯಂಥ ಅನಲಾಗ್ ಕೇಬಲ್ ಸೋತರೆ ಚಿತ್ರ ಮಂಕಾಗುತ್ತಾ ಹೋಗುತ್ತದೆ. ಎಚ್‌ಡಿಎಂಐಯಂಥ ಡಿಜಿಟಲ್ ಕೇಬಲ್ ಕೊನೆಯ ಹಂತದವರೆಗೂ ಚೊಕ್ಕವಾಗಿದ್ದು, ಆಮೇಲೆ ಮಿನುಗು ಚುಕ್ಕಿ, ಕಪ್ಪು ಪರದೆ. ಬಂಗಾರ ಬಣ್ಣವನ್ನೇನೂ ಹೆಚ್ಚಿಸದು. ಸೆಕೆಂಡಿಗೆ 60 ಫ್ರೇಮಿನ 4ಕೆಗೆ ಸೆಕೆಂಡಿಗೆ ಸುಮಾರು 18 ಗಿಗಾಬಿಟ್ ಬೇಕು, 1080ಪಿಗೆ (ಫುಲ್ ಎಚ್‌ಡಿ) ಸುಮಾರು 4.5 ಸಾಕು. ಮೊದಲು ಸ್ಟಿಕ್ಕಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 1080ಪಿ ಮಾಡಿ. ಕಪ್ಪಾಗುವುದು ನಿಂತರೆ ಕೇಬಲ್ಲಿನ ಉದ್ದವೇ ಕಾರಣ. ಪ್ರೊಜೆಕ್ಟರಿನ ಡಬ್ಬಿಯ ಮೇಲೆ '4ಕೆ ಸಪೋರ್ಟ್' ಎಂದಿದ್ದು ನೇಟಿವ್ ರೆಸಲ್ಯೂಷನ್ (ಯಂತ್ರದ ನಿಜವಾದ ಚುಕ್ಕಿಗಳ ಲೆಕ್ಕ) 1920×1080 ಎಂದಿದ್ದರೆ ಅಲ್ಲಿಗೇ ಬಿಡಿ, ಕಳೆದುಕೊಳ್ಳುವುದು ಏನೂ ಇಲ್ಲ. ನಿಜವಾದ 4ಕೆ ಯಂತ್ರವಾದರೆ ಸ್ಟಿಕ್ಕನ್ನು ಪ್ರೊಜೆಕ್ಟರಿಗೇ ಚುಚ್ಚಿ. ಆದರೆ ಅದರ ಬಿಸಿಗಾಳಿ ಹೊರಬರುವ ಕಿಂಡಿಯ ಎದುರು ಬೇಡ. ರಾಯಚೂರು ಜಿಲ್ಲೆಯ ಮೇ ತಿಂಗಳ ಸೆಕೆಗೆ ಅದೂ ಸೇರಿದರೆ ಸ್ಟಿಕ್ ತಾನೇ ಆಫ್ ಆಗುತ್ತದೆ. ಒಂದಡಿಯ ಎಕ್ಸ್‌ಟೆನ್ಷನ್ ಹಾಕಿ ಪಕ್ಕಕ್ಕೆ ಸರಿಸಿ.

ಪ್ರಶ್ನೆ: ಕೊಪ್ಪಳ. ಹಳೆಯ ಪ್ರೊಜೆಕ್ಟರಿಗೆ ವಿಜಿಎ ಮಾತ್ರ ಇದೆ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ತಂದೆವು. ಯೂಟ್ಯೂಬ್ ಬರುತ್ತದೆ, ಸಿನಿಮಾ ಆ್ಯಪ್‌ನಲ್ಲಿ ಪರದೆ ಕಪ್ಪು. ಧ್ವನಿಯೂ ಇಲ್ಲ.

ಉತ್ತರ: ಕನ್ವರ್ಟರ್ ಕೆಟ್ಟಿಲ್ಲ. ಸಿನಿಮಾ ಆ್ಯಪ್‌ಗಳು ಎಚ್‌ಡಿಸಿಪಿ ಎಂಬ ನಕಲು ತಡೆಯುವ ಬೀಗ ಹಾಕಿರುತ್ತವೆ. ಆ ತುದಿಯಲ್ಲಿ ಬೀಗ ಒಪ್ಪಿಕೊಳ್ಳುವ ಎಚ್‌ಡಿಎಂಐ ಯಂತ್ರ ಇಲ್ಲದಿದ್ದರೆ ಚಿತ್ರ ಬಿಡವು. ಧ್ವನಿ ವಿಜಿಎಯಲ್ಲಿ ಹೋಗುವುದೇ ಇಲ್ಲ. ಕನ್ವರ್ಟರಿನಲ್ಲಿ 3.5 ಮಿ.ಮೀ. ಜಾಕ್ ಇದ್ದರೆ ಅಲ್ಲಿಂದ ಸ್ಪೀಕರಿಗೆ ಎಳೆಯಿರಿ. ಆ ಆ್ಯಪ್‌ಗಳೇ ಮುಖ್ಯವಾದರೆ ಈ ಪ್ರೊಜೆಕ್ಟರಿಗೆ ಇನ್ನು ದುಡ್ಡು ಸುರಿಯಬೇಡಿ.