ಮಾವನ ಲೋಟಕ್ಕೆ ನಾನೇ ಸುರಿಯಬೇಕೆ?

ಪ್ರಶ್ನೆ: ನಾನು ಧಾರವಾಡದವನು. ಜಪಾನಿ ಹೆಣ್ಣುಮಗಳನ್ನು ಮದುವೆಯಾಗಿ ಆರು ವರ್ಷಗಳಿಂದ ಜಪಾನಿನ ಚಿಬಾದಲ್ಲಿದ್ದೇನೆ. ನಿವೃತ್ತರಾದ ಮಾವ ಈಗ ಬೆಳಿಗ್ಗೆಯೇ ಅಲ್ಲಿನ ಕಡು ಮದ್ಯವಾದ ಶೋಚು ಕುಡಿಯಲು ಕೂರುತ್ತಾರೆ. ಮೊದಲ ಗುಟುಕು ಇಳಿಯುವವರೆಗೂ ಕೈ ನಡುಗುತ್ತಿರುತ್ತದೆ. ‘ನಲವತ್ತು ವರ್ಷ ದುಡಿದ ಜೀವ, ಅಷ್ಟೂ ಬೇಡವೆ?’ ಎನ್ನುತ್ತಾರೆ ಅತ್ತೆ. ರಾತ್ರಿ ಊಟದ ಹೊತ್ತಿಗೆ ಮಾವ ಖಾಲಿ ಲೋಟವನ್ನು ನನ್ನತ್ತ ಸರಿಸುತ್ತಾರೆ. ಸುರಿಯದಿದ್ದರೆ ಅಗೌರವ, ಸುರಿದರೆ ಮನಸ್ಸಿಗೆ ಹಿಂಸೆ. ಹೊರಗಿನಿಂದ ಬಂದ ನಾನು ಏನು ಮಾಡಲಿ?

ಉತ್ತರ: ಸುರಿಯಬೇಡಿ. ಹಿರಿಯರ ಲೋಟ ಬರಿದಾಗದಂತೆ ಎರಡೂ ಕೈಯಿಂದ ಬಾಟಲಿ ಹಿಡಿದು ಸುರಿಯುವ ‘ಒಶಾಕು’ ಅಲ್ಲಿ ಎಷ್ಟು ದೊಡ್ಡ ಮರ್ಯಾದೆಯೆಂದು ತಿಳಿದೇ ಈ ಮಾತು ಹೇಳುತ್ತಿದ್ದೇನೆ. ‘ನಿಮ್ಮ ಆರೋಗ್ಯದ ಭಯದಿಂದ ನನ್ನ ಕೈ ಏಳುತ್ತಿಲ್ಲ’ ಎಂದು, ಅವರ ತಲೆ ತಿಳಿಯಾಗಿರುವ ಹೊತ್ತು ನೋಡಿ, ಒಮ್ಮೆ ಮೆಲ್ಲಗೆ ಹೇಳಿ. ಊಟದ ಮುಂದೆ ಅದೇ ಮಾತನ್ನು ಎತ್ತಬೇಡಿ.

ಅತ್ತೆಯ ಮಾತನ್ನು ಅಜ್ಞಾನವೆಂದು ತಳ್ಳಿಹಾಕಬೇಡಿ. ಅವರ ಕಾಲದ ಕಚೇರಿಗಳಲ್ಲಿ ಕೆಲಸ ಮುಗಿದ ಮೇಲಿನ ‘ನೊಮಿಕಾಯ್’ ಕೂಟಗಳು ಕೆಲಸದ್ದೇ ಭಾಗವಾಗಿದ್ದವು; ಕುಡಿಯುವುದು ಎಂಬರ್ಥದ ‘ನೊಮು’ವನ್ನು ಕಮ್ಯುನಿಕೇಶನ್‌ಗೆ ಬೆಸೆದು ‘ನೊಮ್ಯುನಿಕೇಶನ್’ ಎಂಬ ಪದವನ್ನೇ ಆ ಸಮಾಜ ಕಟ್ಟಿಕೊಂಡಿತು. ಕುಡಿದಾಗ ಆಡಿದ ಮಾತನ್ನು ಮರುದಿನ ಯಾರೂ ಎತ್ತುವುದಿಲ್ಲ, ಸಂಬಳ ತಪ್ಪದೆ ತರುವವನನ್ನು ಯಾರೂ ಕುಡುಕನೆನ್ನುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಕುಡಿತವನ್ನು ನಾಚಿಕೆಯಿಂದ ಮುಚ್ಚಿಡುತ್ತೇವೆ, ಅಲ್ಲಿ ಅಕ್ಕರೆಯಿಂದ ಮನ್ನಿಸುತ್ತಾರೆ. ಎರಡರಿಂದಲೂ ವೈದ್ಯರ ಬಾಗಿಲು ತಲುಪುವುದು ತಡವಾಗುತ್ತದೆ.

ಬೆಳಗಿನ ಆ ನಡುಕದ ಬಗ್ಗೆ ನನಗೆ ನಿಜವಾಗಿ ಆತಂಕವಿದೆ. ದೇಹ ಮದ್ಯಕ್ಕೆ ಒಗ್ಗಿಹೋಗಿ, ಅದಿಲ್ಲದೆ ತಡಕಾಡುತ್ತಿರುವ ಲಕ್ಷಣವದು. ಆದ್ದರಿಂದ ಸಿಟ್ಟಿನಲ್ಲಿ ಬಾಟಲಿಗಳನ್ನು ಸಿಂಕಿಗೆ ಸುರಿಯುವುದಾಗಲಿ, ಇಂದಿನಿಂದಲೇ ಬಿಡಿ ಎಂದು ಪಟ್ಟು ಹಿಡಿಯುವುದಾಗಲಿ ಬೇಡ. ಹಾಗೆ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಕಾಡಬಹುದು, ಜೀವಕ್ಕೂ ಅಪಾಯವಾಗಬಹುದು. ಬಿಡಿಸುವ ಕೆಲಸ ವೈದ್ಯರ ಕಣ್ಣಳತೆಯಲ್ಲೇ ನಡೆಯಬೇಕು.

ಅತ್ತೆಯೊಡನೆ ವಾದಿಸುವ ಬದಲು ಲೆಕ್ಕ ಹೇಳಿ. ದಿನಕ್ಕೆ 40 ಗ್ರಾಂ ಶುದ್ಧ ಆಲ್ಕೋಹಾಲ್ ಮುಟ್ಟಿದರೆ ಗಂಡಸರಿಗೆ ಜೀವನಶೈಲಿಯ ಕಾಯಿಲೆಗಳ ಅಪಾಯ ಹೆಚ್ಚುತ್ತದೆಂದು ಜಪಾನಿನ ಆರೋಗ್ಯ ಸಚಿವಾಲಯವೇ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಶೇಕಡಾ 25ರ ಶೋಚು ಒಂದು ‘ಗೋ’, ಅಂದರೆ 180 ಮಿಲಿಲೀಟರ್ ಕುಡಿದರೆ 36 ಗ್ರಾಂ ಆಯಿತು. ಮಾವನದು ದಿನಕ್ಕೆ ಎಷ್ಟು ಗೋ ಎಂಬುದು ಅತ್ತೆಗೇ ಚೆನ್ನಾಗಿ ಗೊತ್ತು.

ಮಾವ ಒಪ್ಪುವವರೆಗೆ ಕಾಯಬೇಕಿಲ್ಲ. ನಿಮ್ಮ ಭಾಗದ ‘ಹೊಕೆನ್‌ಜೊ’, ಅಂದರೆ ಸಾರ್ವಜನಿಕ ಆರೋಗ್ಯ ಕೇಂದ್ರಕ್ಕೆ ನಿಮ್ಮ ಹೆಂಡತಿ ಫೋನ್ ಮಾಡಲಿ. ಮನೆಯವರಷ್ಟೇ ಹೋದರೂ ಅಲ್ಲಿ ಸಲಹೆ ಸಿಗುತ್ತದೆ. ಮಗಳ ಮಾತಿಗೆ ಅಳಿಯನ ಮಾತಿಗಿಂತ ತೂಕವೂ ಹೆಚ್ಚು. 1963ರಲ್ಲೇ ಯೊಕೊಸುಕಾದ ಕುರಿಹಾಮಾ ಆಸ್ಪತ್ರೆಯಲ್ಲಿ ಕುಡಿತದ ಚಟಕ್ಕೆಂದೇ ವಾರ್ಡು ತೆರೆದ ದೇಶವದು. ನುರಿತ ವೈದ್ಯರು ಅಲ್ಲಿದ್ದಾರೆ.

ಕುಡಿತ ಬಿಟ್ಟವರ ‘ದಾನ್‌ಶುಕಾಯ್’ ಸಂಘಗಳಲ್ಲಿ ಗಂಡನ ಪಕ್ಕದಲ್ಲೇ ಹೆಂಡತಿಯೂ ಕೂತು ತನ್ನ ಕಥೆ ಹೇಳುತ್ತಾಳೆ. ಮಾವ ಬರದಿದ್ದರೂ ಅತ್ತೆಯನ್ನು ಅಂಥ ಒಂದು ಸಂಜೆಗೆ ನೀವೇ ಕರೆದೊಯ್ಯಿರಿ. ಇಷ್ಟು ವರ್ಷ ಆ ಲೋಟ ತುಂಬಿದ ಕೈ ಅವರದು. ಅವರಂತೆಯೇ ತುಂಬಿದ ಇನ್ನೊಬ್ಬ ಹೆಂಗಸಿನ ಮಾತು ಅವರ ಕಿವಿಗೆ ಬೀಳಲಿ.