ಬ್ಲಾಗ್ ಬರಹವನ್ನು ವಿಶ್ವವಿದ್ಯಾಲಯಗಳು ಸಂಶೋಧನೆಯೆಂದು ಒಪ್ಪಬೇಕೇ?

ಕೋಲಾರದ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿರುವ ತಾವು, ಜಿಲ್ಲೆಯ ವೀರಗಲ್ಲು ಮತ್ತು ಶಾಸನಗಳ ಬಗ್ಗೆ ಬರೆಯುತ್ತಿರುವ ಬ್ಲಾಗನ್ನು ವಿಶ್ವವಿದ್ಯಾಲಯವು ಸಂಶೋಧನೆಯೆಂದು ಪರಿಗಣಿಸುತ್ತದೆಯೇ, ಪರಿಗಣಿಸಬೇಕೇ ಎಂದು ಕೇಳಿದ್ದೀರಿ. ತುಮಕೂರಿನಲ್ಲಿ ಇತಿಹಾಸ ಬೋಧಿಸುವ ನನ್ನ ಉತ್ತರ ಇಷ್ಟು: ಸದ್ಯದ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ, ಆದರೆ ಇರಬೇಕು.

ಬೋಧಕರ ನೇಮಕಾತಿ ಮತ್ತು ಬಡ್ತಿಗೆ ಸಂಬಂಧಿಸಿದ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯ ಪ್ರಕಾರ ಮಾನವಿಕ ವಿಷಯಗಳ ಪ್ರಬಂಧವೊಂದಕ್ಕೆ 10 ಅಂಕಗಳಿವೆ, ಇ-ಪಠ್ಯಕ್ಕೂ ಅಂಕಗಳಿವೆ; ಬ್ಲಾಗಿನ ಹೆಸರಿಲ್ಲ. ಆದರೆ ಅದೇ ವರ್ಷ ಯುಜಿಸಿಯು ತಾನೇ ಅನುಮೋದಿಸಿದ್ದ ಪಟ್ಟಿಯಿಂದ 4,305 ಸಂಶೋಧನಾ ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ಪಟ್ಟಿಯಲ್ಲಿರುವ ಪತ್ರಿಕೆಯಲ್ಲಿ ಅಚ್ಚಾದ ಮಾತ್ರಕ್ಕೆ ಬರಹವೊಂದು ವಿದ್ವತ್ತಿನದಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬರಹವು ವಿದ್ವತ್ತೆನಿಸುವುದು ಬಲ್ಲವರ ಪರಿಶೀಲನೆಗೆ ಒಳಪಟ್ಟಾಗ. 2009ರ ಜನವರಿಯಲ್ಲಿ ಕೇಂಬ್ರಿಜ್‌ನ ಗಣಿತಜ್ಞ ತಿಮೋತಿ ಗವರ್ಸ್ ತಮ್ಮ ಬ್ಲಾಗಿನಲ್ಲಿ ಕ್ಲಿಷ್ಟ ಪ್ರಮೇಯವೊಂದನ್ನು ಮುಂದಿಟ್ಟು, ಅದಕ್ಕೊಂದು ಹೊಸ ಸಾಧನೆ (ಗಣಿತದ ಪುರಾವೆ) ಹುಡುಕಲು ಯಾರು ಬೇಕಾದರೂ ಕೈಜೋಡಿಸಬಹುದೆಂದರು. ತಪ್ಪು ಹೆಜ್ಜೆಗಳೂ ತಿದ್ದುಪಡಿಗಳೂ ಎಲ್ಲರ ಕಣ್ಣೆದುರೇ ದಾಖಲಾಗುತ್ತ ಕೆಲವೇ ವಾರಗಳಲ್ಲಿ ಸಾಧನೆಯ ದಾರಿ ಸ್ಪಷ್ಟವಾಯಿತು. 2012ರಲ್ಲಿ ಅದು ಡಿ.ಎಚ್.ಜೆ. ಪಾಲಿಮ್ಯಾತ್ ಎಂಬ ಸಾಮೂಹಿಕ ಹೆಸರಿನಲ್ಲಿ ಆ್ಯನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯವು 2017ರಲ್ಲಿ ಅಂತರ್ಜಾಲದಲ್ಲಿ ಹೆಚ್ಚು ಓದಿಸಿಕೊಂಡ ಬರಹಗಳನ್ನೂ ಪ್ರಬಂಧಗಳಿಗೆ ಸಮನಾಗಿ ಪರಿಗಣಿಸುವುದಾಗಿ ಪ್ರಕಟಿಸಿತು. ಆ ದಾರಿ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಓದುಗರ ಸಂಖ್ಯೆ ಜನಪ್ರಿಯತೆಯನ್ನು ಅಳೆಯುತ್ತದೆ, ಬರಹದ ಸರಿತಪ್ಪನ್ನಲ್ಲ.

ನಮ್ಮ ಕ್ಷೇತ್ರಕ್ಕಂತೂ ಬ್ಲಾಗು ಬಹಳ ಒದಗಿಬರುತ್ತದೆ. ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟ ಕೋಲಾರದ್ದು, 12ನೆಯದು ತುಮಕೂರಿನದು, ಬಿ.ಎಲ್. ರೈಸ್ ಅವರ ಸಂಪಾದಕತ್ವದಲ್ಲಿ ಇವು ಬಂದು ನೂರು ವರ್ಷಗಳ ಮೇಲಾಯಿತು. ಅಂದು ಕೆರೆ ಏರಿಯ ಮೇಲಿದ್ದ ಕಲ್ಲು ಇಂದು ಗುಡಿಯ ಪಾವಟಿಗೆಯಾಗಿರಬಹುದು, ಸುಣ್ಣ ಬಳಿಸಿಕೊಂಡಿರಬಹುದು, ರಸ್ತೆ ಅಗಲೀಕರಣದಲ್ಲಿ ಕಾಣೆಯಾಗಿರಬಹುದು. ಕಲ್ಲಿನ ಇಂದಿನ ಜಾಗ, ಓರೆ ಬೆಳಕಿನಲ್ಲಿ ತೆಗೆದ ಹತ್ತಾರು ಚಿತ್ರಗಳು, ಕಾಗದದ ಮೇಲೆ ತೆಗೆದ ಪಡಿಯಚ್ಚು, ಶಾಸನದ ಹಳೆಯ ಪಾಠ (ಓದಿ ಬರೆದುಕೊಂಡ ರೂಪ) ಮತ್ತು ತಮ್ಮ ಪಾಠ, ಇವೆಲ್ಲವನ್ನೂ ಪುಟಮಿತಿಯಿರುವ ಪತ್ರಿಕೆ ಅಚ್ಚು ಹಾಕಲಾರದು. ಊರಿನ ಹೊಲದ ಹೆಸರು ಬಲ್ಲ ರೈತರೊಬ್ಬರು ಶಾಸನದ ಸ್ಥಳನಾಮವನ್ನು ಗುರುತಿಸಿ ತಿಳಿಸುವ ಅವಕಾಶವೂ ಅಲ್ಲಿಲ್ಲ.

ಅಮೆರಿಕದ ಇತಿಹಾಸಕಾರರ ಸಂಘವು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಡಿಜಿಟಲ್ ಕೆಲಸವನ್ನು ಅದರ ಮೂಲರೂಪದಲ್ಲೇ ಮೌಲ್ಯಮಾಪನ ಮಾಡಬೇಕೆನ್ನುತ್ತದೆ. ನಮ್ಮ ವಿಶ್ವವಿದ್ಯಾಲಯಗಳೂ ಹೀಗೆ ಮಾಡಬಹುದು: ಬ್ಲಾಗನ್ನು ಇಡಿಯಾಗಿ ಎಣಿಸದೆ, ಲೇಖಕರು ಆಯ್ದುಕೊಟ್ಟ ಬರಹಗಳನ್ನು ಹೊರಗಿನ ಇಬ್ಬರು ಶಾಸನತಜ್ಞರಿಗೆ ಕಳುಹಿಸಿ, ಅವರ ಲಿಖಿತ ಅಭಿಪ್ರಾಯದ ಮೇಲೆ ಅಂಕ ನೀಡಬಹುದು.

ಅಲ್ಲಿಯವರೆಗೆ ತಾವು ಪ್ರತಿ ಬರಹದಲ್ಲೂ ಶಾಸನದ ಸಂಪುಟ ಸಂಖ್ಯೆ ಮತ್ತು ಹಿಂದಿನ ಪಾಠವನ್ನು ನಮೂದಿಸಿ. ತಿದ್ದುವಾಗ ಹಳೆಯದನ್ನು ಅಳಿಸದೆ ದಿನಾಂಕ ಹಾಕಿ ಸೇರಿಸಿ. ಗಟ್ಟಿಯಾದ ಬರಹಗಳ ಪ್ರತಿಯನ್ನು ಯುರೋಪಿನ ಪರಮಾಣು ಸಂಶೋಧನಾ ಸಂಸ್ಥೆಯಾದ ಸರ್ನ್ ನಡೆಸುವ ಝೆನೋಡೊ ಎಂಬ ಡಿಜಿಟಲ್ ಭಂಡಾರದಲ್ಲಿ ಇರಿಸಿದರೆ, ಶುಲ್ಕವಿಲ್ಲದೆ ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆ ದೊರೆಯುತ್ತದೆ. ಮುಂದೆ ಬ್ಲಾಗಿನ ವಿಳಾಸವೇ ಇಲ್ಲವಾದರೂ ಇತರರು ತಮ್ಮ ಪಾಠವನ್ನು ಉಲ್ಲೇಖಿಸಲು ಸಾಧ್ಯವಾಗುತ್ತದೆ.